ಸಿಲ್ವಾರದ ತಪ್ಪಲೆಯ ಕಪ್ಪು

ನನ್ನ ಅಕ್ಕನ ಮನೆಗೆ ಸಿಲ್ವಾರದ ತಪ್ಪಲೆಯನ್ನು ತಂದುಕೊಟ್ಟವನು ನಾನು. ಅಲ್ಯೂಮಿನಿಯಂ ಎಂಬುದು ಪುಸ್ತಕದ ಹೆಸರು. ನಮ್ಮ ಕಡೆ ಎಲ್ಲರೂ ಅದನ್ನು ಸಿಲ್ವಾರವೆಂದೇ ಕರೆಯುತ್ತಿದ್ದರು. ಬೆಂಗಳೂರಿನಲ್ಲಿ ರಸಾಯನಶಾಸ್ತ್ರ ಓದಿ, ಬಿ.ಎಸ್‌ಸಿ. ಮುಗಿಸಿ, ಕೋಲಾರದ ಒಂದು ಹೈಸ್ಕೂಲಿನಲ್ಲಿ ಹಂಗಾಮಿ ಉಪಾಧ್ಯಾಯನಾಗಿ ಸೇರಿದ ಹೊಸತರಲ್ಲಿ, ಮೊದಲ ಸಂಬಳ ಕೈಗೆ ಬಂದ ದಿನವೇ ಪೇಟೆಯಲ್ಲಿ ಅದನ್ನು ಕೊಂಡಿದ್ದೆ. ಯುದ್ಧ ಆಗತಾನೇ ಪ್ರಾರಂಭವಾಗಿತ್ತು. ಅಂಗಡಿಗಳಲ್ಲಿ ಅಂಥ ಪಾತ್ರೆಗಳು ಇನ್ನೂ ಸಿಗುತ್ತಿದ್ದವು.

ಅಕ್ಕ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕ್ಯಾಲನೂರಿನ ಬಳಿಯ ನಮ್ಮ ಹಳ್ಳಿಯಲ್ಲಿ, ನಾನು ದೀಪದ ಮುಂದೆ ಪುಸ್ತಕ ಹಿಡಿದು ಕುಳಿತಿರುವಾಗ, ಹಿಪ್ಪುನೇರಳೆ ಸೊಪ್ಪು ಹೆಚ್ಚಿ ರೇಷ್ಮೆ ಹುಳುಗಳಿಗೆ ಹಾಕುತ್ತಿದ್ದವಳು ಅವಳು. ನನ್ನ ಓದಿಗೆ ಆ ಗೂಡುಗಳು ಎಷ್ಟು ಆಧಾರವಾಗಿದ್ದವು ಎಂಬುದನ್ನು ನಾನು ಬಲ್ಲೆ. ಅವಳನ್ನು ಯಲ್ದೂರಿನ ಹತ್ತಿರದ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ಆದುದರಿಂದ ಮೊದಲ ಸಂಬಳದಲ್ಲಿ ಅವಳಿಗೇನಾದರೂ ಒಯ್ಯಬೇಕೆಂಬುದು ನನ್ನ ಮನಸ್ಸಿನಲ್ಲಿ ಬಹಳ ದಿನಗಳಿಂದ ಇತ್ತು. ತಪ್ಪಲೆಯನ್ನು ಅವಳ ಅತ್ತೆಯ ಮುಂದಿಟ್ಟು, "ಇದು ಹಗುರ, ಬೇಗನೆ ಕಾಯುತ್ತದೆ, ಇದಕ್ಕೆ ಕಲಾಯಿಯ ಹಂಗಿಲ್ಲ" ಎಂದು ಒಂದು ಪುಟ್ಟ ಉಪನ್ಯಾಸವನ್ನೇ ಕೊಟ್ಟಿದ್ದೆ. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗನ ಮಾತೆಂದು ಎಲ್ಲರೂ ಗೌರವದಿಂದ ಕೇಳಿದರು. ಆ ಗೌರವವೇ ಮೂರ್ನಾಲ್ಕು ವರ್ಷಗಳ ನಂತರ ನನ್ನ ಕೊರಳಿಗೆ ಸುತ್ತಿಕೊಂಡಿತು.

ಮಾವು ಕಾಯಿ ಕಚ್ಚಿ ಬಲಿಯುತ್ತಿದ್ದ ಕಾಲ. ಒಂದು ದಿನ ಪಾಠ ಮುಗಿಸಿ ಹೊರಗೆ ಬಂದಾಗ ಶಾಲೆಯ ಹುಣಸೆಮರದ ಕೆಳಗೆ ಭಾವ ನಿಂತಿದ್ದರು. ಹೆಗಲ ಮೇಲಿನ ಟವಲನ್ನು ಕೈಗೆ ಸುತ್ತುತ್ತ, ಬಿಚ್ಚುತ್ತ ಇದ್ದುದನ್ನು ಕಂಡು ನಾನು ಬೇಗ ಬೇಗನೆ ಅವರ ಬಳಿಗೆ ಹೋದೆ.

"ಮಗೀಗೆ ಹುಷಾರಿರ್ಲಿಲ್ಲ ಕಣಪ್ಪ. ಈಗ ವಾಸಿ. ಆದ್ರೆ ಮನೇಲಿ ಸರಿಯಿಲ್ಲ" ಎಂದರು.

"ಏನಾಯಿತು ಭಾವ?"

"ನೀನು ಕೊಟ್ಟ ಆ ಸಿಲ್ವಾರದ ತಪ್ಪಲೇಲಿ ವಿಷ ಐತೆ ಅಂತಾವ್ರೆ."

ಮಗು ಎಂದರೆ ಭಾವನ ತಮ್ಮನ ಮಗಳು. ಇನ್ನೂ ಮಾತು ಪೂರ್ತಿ ಸ್ಪಷ್ಟವಾಗದ ಹುಡುಗಿ. ಆ ತಮ್ಮ ಚಿನ್ನದ ಗಣಿಯ ಕೆಲಸಕ್ಕೆ ಹೋಗಿ ಯಾವಾಗಲೋ ಒಮ್ಮೆ ಬರುತ್ತಿದ್ದ. ಅಕ್ಕನಿಗೆ ಮಕ್ಕಳಿರಲಿಲ್ಲ. ಆ ಕೂಸು ಅವಳನ್ನು ದೊಡ್ಡಮ್ಮ ಎಂದು ಕರೆಯುತ್ತ ಅವಳ ಸೆರಗು ಹಿಡಿದೇ ಬೆಳೆದಿತ್ತು. ಅವಳ ಪಕ್ಕದಲ್ಲಿ ಮಲಗುತ್ತಿತ್ತು, ಹೊತ್ತಿನ ಊಟಕ್ಕೆ ಅವಳ ಕೈತುತ್ತೇ ಆಗಬೇಕಾಗಿತ್ತು. ಹಿಂದಿನ ಶನಿವಾರ ಮಧ್ಯಾಹ್ನ ಅಕ್ಕ ಅದಕ್ಕೆ ಮುದ್ದೆ ಸಾರು ತಿನ್ನಿಸಿದ್ದಳು. ಸಂಜೆ ಕತ್ತಲಾಗುವ ಹೊತ್ತಿಗೆ ಮಗು ಕರುಳು ಕಿತ್ತುಬರುವಂತೆ ವಾಂತಿ ಮಾಡಿಕೊಂಡಿತು. ಮಾರನೆಯ ದಿನ ಎದ್ದು ಕುಳಿತಿತೆಂಬುದು ನಿಜ. ಆದರೆ ಮಗು ಕಾಯಿಲೆ ಬೀಳುವುದಕ್ಕೆ ಮೊದಲೇ, ಶ್ರೀನಿವಾಸಪುರದ ಸಂತೆಯಲ್ಲಿ ಔಷಧಿ ಮಾರುವವನೊಬ್ಬ ಸಿಲ್ವಾರದ ಪಾತ್ರೆಯೊಳಗಿನ ವಿಷವನ್ನು ಎಲ್ಲರ ಕಣ್ಣೆದುರಿಗೇ ಕುದಿಸಿ ತೋರಿಸಿದ್ದನ್ನು ಮಗುವಿನ ತಾಯಿ ನೋಡಿಬಂದಿದ್ದಳು.

"ಅವತ್ತಿಂದ ಆಯಮ್ಮ ಮಗೂನ ನಿಮ್ಮಕ್ಕನ ಹತ್ರಕ್ಕೇ ಬಿಡ್ತಿಲ್ಲ. ಮಗು ದೊಡ್ಡಮ್ಮ ದೊಡ್ಡಮ್ಮ ಅಂತ ಅಳ್ತದೆ, ಇವಳು ಒಳಗೆ ಕೂತು ಅಳ್ತಾಳೆ. ಒಂದು ತುತ್ತು ಹಿಟ್ಟೂ ಮುಟ್ಟಲ್ಲ."

"ಆ ತಪ್ಪಲೆಯನ್ನು ಎಸೆದುಬಿಡಬಹುದಿತ್ತಲ್ಲ, ಭಾವ?"

"ನಾನೂ ಅದ್ನೇ ಅಂದೆ. ನಿಮ್ಮಕ್ಕ ಕೇಳಲ್ಲ. ಬಿಸಾಕಿದ್ರೆ ನಾನು ಮಗೀಗೆ ವಿಷ ಇಕ್ಕಿದ್ದು ದಿಟ ಅಂತ ಆಗ್ತದೆ, ನನ್ ತಮ್ಮನ್ನ ಕರ್ಕೊಂಡು ಬನ್ನಿ, ಅವನು ಹೇಳ್ಲಿ ಅಂತ ಕೂತವ್ಳೆ. ನೀನು ಸೈನ್ಸು ಓದಿರೋನಲ್ವಾ, ಬಂದು ಒಂದು ಮಾತು ಹೇಳ್ಬಿಡಪ್ಪ."

ಆ ಒಂದು ಮಾತು ಯಾವುದು ಎಂಬುದು ನನಗೆ ತಿಳಿದಿರಲಿಲ್ಲ. ರಜೆ ಕೇಳಿ, ಕೋಣೆಗೆ ಹೋಗಿ, ಕಾಲೇಜಿನ ಪುಸ್ತಕವನ್ನು ತೆಗೆದೆ. ಈ ಲೋಹವು ಆಮ್ಲದಲ್ಲಿಯೂ ಕರಗುತ್ತದೆ, ಕ್ಷಾರದಲ್ಲಿಯೂ ಕರಗುತ್ತದೆ ಎಂದು ಪುಸ್ತಕ ಹೇಳಿತು. ಪರೀಕ್ಷೆಯಲ್ಲಿ ಇದನ್ನೇ ಬರೆದು ನಾನು ಒಳ್ಳೆಯ ಅಂಕಗಳನ್ನು ಗಳಿಸಿದ್ದೆ. ಆದರೆ ನಮ್ಮ ಮನೆಗಳಲ್ಲಿ ಹುಳಿಯಿಲ್ಲದ ಅಡಿಗೆಯೇ ಇಲ್ಲ. ಕರಗಿದ ಲೋಹ ಸಾರಿನೊಳಗೆ ಹೋದರೆ ಉಣ್ಣುವವರಿಗೆ ಏನಾಗುತ್ತದೆಂಬ ವಿಷಯದಲ್ಲಿ ಪುಸ್ತಕ ಮೌನವಾಗಿತ್ತು. ಓದುವುದಕ್ಕೆ ಮೊದಲು ನನಗೆ ಇದ್ದ ಧೈರ್ಯವೂ ಓದಿದ ಮೇಲೆ ಉಳಿಯಲಿಲ್ಲ.

ಮಾರನೆಯ ದಿನ ಪುಟ್ಟ ರೈಲಿನಲ್ಲಿ ಶ್ರೀನಿವಾಸಪುರಕ್ಕೆ ಹೋದೆವು. ಸಂತೆಯ ದಿನವೇ ಆದುದರಿಂದ ಭಾವ ನನ್ನನ್ನು ನೇರವಾಗಿ ಔಷಧಿಯವನ ಬಳಿಗೆ ಕರೆದೊಯ್ದರು. ಬಾಳೆಕಾಯಿ ರಾಶಿಗಳ ಆಚೆ, ಮೂರು ಕಲ್ಲಿನ ಒಲೆ ಹೂಡಿ, ಕೆಂಪು ಪೇಟ ಸುತ್ತಿದ್ದ ಮನುಷ್ಯನೊಬ್ಬ ಕನ್ನಡ ತೆಲುಗುಗಳನ್ನು ಒಂದೇ ಉಸಿರಿನಲ್ಲಿ ಕಲಸಿ ಕೂಗುತ್ತಿದ್ದ.

"ಚೂಡಂಡಿ! ನೋಡ್ರಣ್ಣ, ನೋಡಮ್ಮ! ನಂದಲ್ಲ ಈ ಬೋಗುಣಿ, ಅಗೋ ಆ ಅಮ್ಮಂದು. ಹೊಸದು! ಫಳಫಳ ಅಂತೈತೆ! ಈಗ ಇದರ ಹೊಟ್ಟೇಲಿರೋದು ಈಚೆಗೆ ಬತ್ತದೆ ನೋಡಿ!"

ಬೋಗುಣಿಯಲ್ಲಿ ನೀರು ಕಾಯುತ್ತಿತ್ತು. ಅವನು ಜೇಬಿನಿಂದ ಬಿಳಿಯ ಪುಡಿಯನ್ನು ತೆಗೆದು ಉದುರಿಸಿದ. ನೀರು ನೊರೆನೊರೆಯಾಗಿ ಉಕ್ಕಿತು. ಸ್ವಲ್ಪ ಹೊತ್ತಿನಲ್ಲಿ ಬೋಗುಣಿಯ ಒಳಮೈ ಮಸಿ ಬಳಿದಂತೆ ಕಪ್ಪಾಯಿತು. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಅವನು ಆ ನೀರನ್ನು ಚೆಲ್ಲಿ, ಬೇರೆ ನೀರು ತುಂಬಿ, ಒಂದು ಗುಳಿಗೆಯನ್ನು ಪುಡಿ ಮಾಡಿ ಹಾಕಿದ. ಅದು ಕುದಿಯುತ್ತಿದ್ದಂತೆ ಕಪ್ಪೆಲ್ಲವೂ ಬಿಟ್ಟು ಪಾತ್ರೆ ಮತ್ತೆ ಬೆಳ್ಳಗಾಯಿತು.

"ಪಾತ್ರೆ ವಿಷಾನೇ ತಿಂದಾಕಿದ ಗುಳಿಗೆ, ನಿಮ್ಮ ಹೊಟ್ಟೆ ವಿಷಾನ ಬಿಡ್ತದಾ? ಬನ್ನಿ, ಬನ್ನಿ!"

"ಆ ಬಿಳಿಯ ಪುಡಿ ಯಾವುದು?" ಎಂದು ನಾನು ಕೇಳಿದೆ. ನನ್ನ ಧ್ವನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಏನ್ ಸ್ವಾಮಿ? ಜೋರಾಗಿ ಕೇಳಿ, ಎಲ್ರಿಗೂ ಕೇಳ್ಸಲಿ."

"ಪುಡಿ ಯಾವುದೆಂದು ಕೇಳಿದೆ."

"ವಿಷ ತೋರ್ಸೋ ಪುಡಿ, ಸ್ವಾಮಿ! ನಿಮಗೆ ಗುಳಿಗೆ ಬೇಕಾ, ಪುಡಿ ಬೇಕಾ?" ಎಂದ. ಜನ ಗೊಳ್ಳೆಂದು ನಕ್ಕರು. "ಕೋಟು ಹಾಕ್ಕೊಂಡವ್ರೆ ಪಾಪ, ಪುಡೀನೇ ಕೊಡು" ಎಂದು ಹಿಂದಿನಿಂದ ಯಾರೋ ಕೂಗಿದರು. ನಾನು ಭಾವನ ಹಿಂದೆ ಸರಿದು ನಿಂತೆ.

ಆದರೆ ಆ ನೊರೆಯನ್ನು ನಾನು ಬಲ್ಲೆನೆಂದು ನನಗೆ ಅನಿಸಿತ್ತು. ಅಂಗಡಿಯೊಂದರಲ್ಲಿ ಬಟ್ಟೆ ಒಗೆಯುವ ಸೋಡಾ, ಪಕ್ಕದಲ್ಲಿ ಒಂದಿಷ್ಟು ನಿಂಬೆಹಣ್ಣು ಕೊಂಡು, ಎತ್ತಿನ ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಎರಡೂ ಬದಿಗೆ ಮಾವಿನ ತೋಪುಗಳು. ಭಾವ ಈ ವರ್ಷದ ಫಸಲಿನ ಮಾತನ್ನಾಡುತ್ತಿದ್ದರು. ನಾನು ಹೂಂಗುಟ್ಟುತ್ತ, ಮಡಿಲಿನಲ್ಲಿದ್ದ ಸೋಡಾದ ಪೊಟ್ಟಣವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಮನೆಯ ಜಗುಲಿಯಲ್ಲಿ ಅಕ್ಕನ ಅತ್ತೆ ಮೊರದ ತುಂಬ ಹುಣಸೆಹಣ್ಣು ಹರವಿಕೊಂಡು ಬೀಜ ಬಿಡಿಸುತ್ತಿದ್ದರು. ಕಣ್ಣಿಗೆ ಪೊರೆ ಬಂದಿದ್ದುದರಿಂದ ಧ್ವನಿಯ ಗುರುತಿನಿಂದಲೇ, "ಬಾ ನಾಯನಾ, ಬಾ. ಕಾಲು ತೊಳ್ಕೋ" ಎಂದರು. ಆ ಮಾತಿನಲ್ಲಿ ಎಂದಿನ ಆದರವಿತ್ತು. ಅದಕ್ಕೆ ನಾನು ಮನಸ್ಸಿನಲ್ಲೇ ಕೃತಜ್ಞನಾದೆ. ಅಕ್ಕ ಬಾಗಿಲ ಹಿಂದೆ ನಿಂತಿದ್ದಳು. ಅವಳ ಮುಖ ಇಳಿದುಹೋಗಿತ್ತು. ನಡುಮನೆಯ ಕಂಬದ ಬಳಿ ಅವಳ ಓರಗಿತ್ತಿ, ಮಗುವಿನ ತಾಯಿ, ಮಗುವನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡು ಕುಳಿತಿದ್ದಳು. ಮಗು ದೊಡ್ಡಮ್ಮನ ಕಡೆಗೇ ನೋಡುತ್ತಿತ್ತು.

ಕುಡಿಯಲು ನೀರು ಕೊಟ್ಟ ಅಕ್ಕ ಮೆಲ್ಲನೆ, "ಲೋ, ವಿಷ ಇದ್ರೆ ಇದೆ ಅಂತ್ಲೇ ಹೇಳ್ಬಿಡೋ. ನನ್ನ ಮುಖ ನೋಡ್ಬೇಡ. ಮಗು ಮುಖ ನೋಡು" ಎಂದಳು. ಈ ಮಾತನ್ನು ಕೇಳಿದ ಮೇಲೆ ಸುಮ್ಮನೆ ಧೈರ್ಯ ಹೇಳಿ ಹಿಂದಿರುಗುವ ದಾರಿಯೂ ನನಗೆ ಮುಚ್ಚಿಹೋಯಿತು.

ನಾನು ಒಲೆಯ ಮುಂದೆ ಕುಳಿತೆ. ಆ ತಪ್ಪಲೆಯಲ್ಲಿಯೇ ನೀರು ಕಾಯಿಸಿ ಸೋಡಾ ಹಾಕಿದೆ. ಸಂತೆಯಲ್ಲಿ ಕಂಡಂತೆಯೇ ನೊರೆ ಬಂತು, ಒಳಮೈ ಕಪ್ಪಾಯಿತು. ಓರಗಿತ್ತಿ ಮಗುವನ್ನು ಮತ್ತಷ್ಟು ಅವುಚಿಕೊಂಡಳು. ನೀರು ಬದಲಾಯಿಸಿ ನಿಂಬೆಹಣ್ಣು ಹಿಂಡಿ ಕುದಿಸಿದೆ. ಕಪ್ಪು ಬಿಟ್ಟುಹೋಯಿತು.

"ನೋಡಿದಿರಾ? ಅವನ ಪುಡಿ ಅಗಸರ ಸೋಡಾ. ಅವನ ಗುಳಿಗೆಯಲ್ಲಿರುವುದು ಇಂಥದೇ ಒಂದು ಹುಳಿ. ವಿಷವಿಲ್ಲದಿದ್ದರೂ ಈ ಆಟವನ್ನು ಆಡಿ ತೋರಿಸಬಹುದು. ಸೋಡಾ ಹಾಕಿದರೆ ಈ ಲೋಹ ಕಪ್ಪಾಗುತ್ತದೆ, ಅಷ್ಟೇ. ಅಡಿಗೆಗೆ ಸೋಡಾ ಹಾಕುವವರು ಯಾರಿದ್ದಾರೆ?" ಎಂದು, ಬಂದಾಗಿನಿಂದ ಮೊದಲ ಬಾರಿಗೆ ಗಂಟಲು ಸರಿಪಡಿಸಿಕೊಂಡು ಕೇಳಿದೆ.

ಅಕ್ಕ ತಲೆ ತಗ್ಗಿಸಿ ಹೇಳಿದಳು: "ನಾವು ಹಾಕ್ತೀವಲ್ಲೋ. ದಿನಾ ಒಂದು ಚಿಟಿಕೆ. ಅಡಿಗೆ ಸೋಡಾ. ಈ ಊರಿನ ಸವುಳು ನೀರಲ್ಲಿ ಅದಿಲ್ದಿದ್ರೆ ಬೇಳೆ ಎಲ್ಲಿ ಬೇಯ್ತದೆ?"

ಕೈಯಲ್ಲಿದ್ದ ನಿಂಬೆಹಣ್ಣಿನ ಹೋಳನ್ನು ನಾನು ಕೆಳಗಿಟ್ಟೆ. ನಮ್ಮ ತಾಯಿಯೂ ಹಾಗೆಯೇ ಮಾಡುತ್ತಿದ್ದಳು. ಅದನ್ನು ನೋಡಿಯೇ ಬೆಳೆದಿದ್ದರೂ ಪ್ರಶ್ನೆ ಕೇಳುವಾಗ ಅದು ನನ್ನ ನೆನಪಿಗೆ ಬಂದಿರಲಿಲ್ಲ.

"ಹಂಗಾರೆ ಇನ್ನೊಂದು ಕೇಳ್ತೀನಣ್ಣ" ಎಂದಳು ಓರಗಿತ್ತಿ. ಅವಳು ಅಲ್ಲಿಯವರೆಗೆ ನನ್ನೊಡನೆ ಮಾತನಾಡಿರಲಿಲ್ಲ. "ಬೆಳಿಗ್ಗೆ ನೀರು ಕಾಯ್ಸಿದಾಗ ತಪ್ಪಲೆ ಒಳಗೆ ಕಪ್ಪಗಿರ್ತದೆ. ಮಧ್ಯಾಹ್ನ ಹುಳಿಸಾರು ಮಾಡಿ ತೊಳೆದ್ರೆ ಬೆಳ್ಳಗಿರ್ತದೆ. ನಾನೇ ನೋಡಿವ್ನಿ. ಆ ಕಪ್ಪು ಎಲ್ಲಿಗೆ ಹೋಯ್ತು?"

ಬಹಳ ಒಳ್ಳೆಯ ಪ್ರಶ್ನೆ. ನನ್ನ ತರಗತಿಯಲ್ಲಿ ಯಾರಾದರೂ ಅದನ್ನು ಕೇಳಿದ್ದರೆ ಸಂತೋಷಪಡುತ್ತಿದ್ದೆ.

"ಸಾರಿಗೆ ಹೋಯಿತು" ಎಂದೆ.

"ಸಾರು ಎಲ್ಲಿಗೆ ಹೋಯ್ತು?"

"ಹೊಟ್ಟೆಗೆ."

"ಕೇಳಿದ್ರಾ ಭಾವ? ಇವರ ಬಾಯಲ್ಲೇ ಬಂತು" ಎಂದು ಅವಳು ಭಾವನ ಕಡೆ ತಿರುಗಿದಳು. ಭಾವ ನನ್ನ ಕಡೆ ನೋಡಿದ ನೋಟದಲ್ಲಿ, ಇದನ್ನು ಹೇಳಲು ಕೋಲಾರದಿಂದ ಇವನನ್ನು ಕರೆತರಬೇಕಾಗಿತ್ತೇ ಎಂಬ ಸಂಕಟವಿತ್ತು. ಅಕ್ಕ ಎದ್ದು ಒಳಗೆ ಹೋದಳು.

ಆಗ ನನಗೆ ಹೊಳೆದದ್ದನ್ನು ಇಂದಿಗೂ ಸ್ಪಷ್ಟವಾಗಿ ನೆನೆಯಬಲ್ಲೆ. ನಾನು ಬಂದಾಗಿನಿಂದ ತಪ್ಪಲೆಯನ್ನೇ ವಿಚಾರಣೆ ಮಾಡುತ್ತಿದ್ದೆ. ಅದರಿಂದ ಏನು ಹೊರಡುತ್ತದೆ, ಎಷ್ಟು ಹೊರಡುತ್ತದೆ, ಅದು ಕೆಟ್ಟದ್ದೇ ಅಲ್ಲವೇ ಎಂಬುದನ್ನು ಆ ಒಲೆಯ ಮುಂದೆ ಕುಳಿತು ತೀರ್ಮಾನಿಸುವ ಶಕ್ತಿ ನನಗಿರಲಿಲ್ಲ. ಔಷಧಿಯವನ ಆಟ ಸುಳ್ಳೆಂದು ತೋರಿಸಿದ ಮಾತ್ರಕ್ಕೆ ಪಾತ್ರೆ ನಿರ್ದೋಷಿಯೆಂದು ಆಗುವುದೂ ಇಲ್ಲ. ಆದರೆ ಈ ಮನೆಯವರಿಗೆ ಬೇಕಾಗಿದ್ದ ಪ್ರಶ್ನೆ ಅಷ್ಟು ದೊಡ್ಡದಲ್ಲ. ಆ ಶನಿವಾರ, ಆ ಮಗು, ಆ ತಪ್ಪಲೆಯಿಂದ ಕಾಯಿಲೆ ಬಿತ್ತೇ ಎಂಬುದಷ್ಟೇ. ಅದನ್ನು ಕೇಳಬೇಕಾದದ್ದು ಉಂಡವರನ್ನು.

"ಅಂದು ಮಧ್ಯಾಹ್ನ ಈ ತಪ್ಪಲೆಯ ಸಾರನ್ನು ಯಾರು ಯಾರು ಉಂಡಿರಿ?" ಎಂದು ಕೇಳಿದೆ.

ಭಾವ ಉಂಡಿದ್ದರು. "ಎರಡು ಮುದ್ದೆ ಉಂಡೆ. ಸಾರು ಚೆನ್ನಾಗಿತ್ತು" ಎಂದರು. ಅಕ್ಕ ಉಂಡಿದ್ದಳು. ಓರಗಿತ್ತಿಯೂ ಉಂಡಿದ್ದಳು.

"ನಿಮಗೆ ಯಾರಿಗಾದರೂ ಹೊಟ್ಟೆ ತೊಳಸಿತೇ?"

"ನಂಗೇನೂ ಆಗ್ಲಿಲ್ಲ" ಎಂದಳು ಓರಗಿತ್ತಿ. ಹಾಗೆ ಹೇಳಿ, ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡವಳಂತೆ ಮಗುವಿನ ಮುಖ ನೋಡಿದಳು. ಮತ್ತೆ, "ನಾವು ದೊಡ್ಡೋರು, ತಡ್ಕೊಂಡ್ವಿ. ಅದು ಎಳೇ ಕರುಳು" ಎಂದಳು.

ಅದೂ ಅಲ್ಲಗಳೆಯುವ ಮಾತಲ್ಲ. ನಾನು ಒಪ್ಪಿಕೊಂಡೆ. "ಹಾಗೂ ಇರಬಹುದು. ಆದ್ದರಿಂದಲೇ ಇನ್ನೊಂದನ್ನು ಕೇಳಬೇಕು. ಈ ತಪ್ಪಲೆಯದನ್ನು ಮುಟ್ಟದೆ ಇದ್ದವರು ಮನೆಯಲ್ಲಿ ಯಾರಾದರೂ ಇದ್ದರೇ? ಅವರು ಹೇಗಿದ್ದರು?"

"ಅತ್ತೆ ಒಬ್ರೇ. ಶನಿವಾರ ಅಲ್ವಾ, ತಿಮ್ಮಪ್ಪನ ಒಪ್ಪೊತ್ತು. ಸಿಲ್ವಾರ ದೇವರಿಗೆ ಬರಲ್ಲ ಅಂತ ಅವರ ಫಲಹಾರ ಅವರ ಹಿತ್ತಾಳೆ ಪಾತ್ರೇಲೇ. ನಾವ್ಯಾರೂ ಅದನ್ನ ಮುಟ್ಟೋ ಹಂಗಿಲ್ಲ" ಎಂದಳು ಓರಗಿತ್ತಿ.

ಜಗುಲಿಯಲ್ಲಿ ಹುಣಸೆಬೀಜಗಳು ಮೊರಕ್ಕೆ ಬೀಳುತ್ತಿದ್ದ ಸದ್ದು ನಿಂತಿತು.

ನಾನು ಬಾಗಿಲ ಬಳಿಗೆ ಹೋಗಿ, ಅವರಿಗೆ ಕೇಳುವಂತೆ, ನನ್ನ ಪ್ರಶ್ನೆಯ ಉದ್ದೇಶವನ್ನು ಆದಷ್ಟು ನಯವಾಗಿ ವಿವರಿಸಿದೆ. ಈ ತಪ್ಪಲೆಯ ಅಡಿಗೆಯನ್ನು ಉಣ್ಣದವರು ಕ್ಷೇಮವಾಗಿದ್ದು ಉಂಡ ಮಗು ಮಾತ್ರ ಕಾಯಿಲೆ ಬಿದ್ದಿದ್ದರೆ ಅನುಮಾನ ತಪ್ಪಲೆಯ ಮೇಲೆಯೇ ಉಳಿಯುತ್ತದೆ. ಉಣ್ಣದವರಿಗೂ ಅದೇ ಕಾಯಿಲೆ ಬಂದಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕಾಗುತ್ತದೆ. "ಅತ್ತೆ, ನೀವು ಅಂದು ಆರೋಗ್ಯವಾಗಿದ್ದಿರಲ್ಲವೇ?" ಎಂದು ಕೇಳಿದೆ.

ಅವರು ಹುಣಸೆಹಣ್ಣಿನ ಒಂದು ತೊಳೆಯನ್ನು ಬೆರಳುಗಳಲ್ಲಿ ತಿರುಗಿಸುತ್ತ ಕುಳಿತರು. ಆಗ ಮಗು ತಾಯಿಯ ಹಿಡಿತದಿಂದ ಜಾರಿ, ಒಳಬಾಗಿಲ ಕಡೆಗೆ ಓಡಿತು. ತಾಯಿ ಅದರ ರಟ್ಟೆ ಹಿಡಿದು ಎಳೆದುಕೊಂಡಳು. ಅದು ಜೋರಾಗಿ ಅಳತೊಡಗಿತು. ಒಳಗಿನಿಂದ ಅಕ್ಕ ಎದ್ದು ಬಂದವಳು ಹೊಸ್ತಿಲ ಆಚೆಯೇ ನಿಂತಳು. ಕೈ ಮುಂದಕ್ಕೆ ಬಂದದ್ದು ಹಿಂದಕ್ಕೆ ಹೋಯಿತು.

"ಬಿಡೇ ಅದನ್ನ" ಎಂದರು ಅತ್ತೆ. "ಬಿಡು. ನಂಗೂ ಆಗಿತ್ತು."

"ಏನಾಗಿತ್ತತ್ತೆ?" ಎಂದಳು ಓರಗಿತ್ತಿ.

"ವಾಂತಿ. ದನದ ಕೊಟ್ಟಿಗೆ ಹಿಂದಕ್ಕೆ ಹೋಗಿ ಮಾಡ್ಕೊಂಡೆ. ಮಗೀಗಿಂತ ಜಾಸ್ತೀನೇ ಆಯ್ತು."

ಓರಗಿತ್ತಿಯ ಕೈ ಸಡಿಲವಾಯಿತು. "ಒಂದ್ ಮಾತು ಹೇಳ್ಬಾರ್ದಾಗಿತ್ತಾ ಅತ್ತೆ?"

"ಹೆಂಗೆ ಹೇಳ್ಲಿ? ನಿನ್ ಗಂಡ ಆ ಗಣಿ ಬಿಲದೊಳಗೆ ಇಳೀತಾನೆ, ಅವನು ನೆಟ್ಟಗೆ ಮೇಲಕ್ಕೆ ಬರ್ಲಿ ಅಂತ ಹಿಡಿದಿರೋ ಶನಿವಾರ ಅದು. ಒಪ್ಪೊತ್ತು ಉಂಡಿದ್ದು ಬಾಯಲ್ಲಿ ಬಂದ್ರೆ ಹರಕೆ ಮುರಿದಂಗೆ. ಮತ್ತೆ ಮೊದಲಿಂದ ಹಿಡೀಬೇಕು. ಇನ್ನೇನು ಮುಗೀತಾ ಬಂದಿತ್ತು. ದೇವರಿಗೂ ಕಾಣ್ಸಿಲ್ಲ ಅಂದ್ಕೊಂಡು ಬಾಯಿ ಮುಚ್ಕೊಂಡಿದ್ದೆ ನಾಯನಾ."

ಅವರು ಅದನ್ನು ಹೇಳಿದ ರೀತಿಯಲ್ಲಿ ಅಳುವಿರಲಿಲ್ಲ. ನನಗೆ ಮಾತ್ರ ಮೈ ಹಗುರವಾದಂತಾಗಿ, ಹಾಗೆ ಆದುದಕ್ಕೆ ನಾಚಿಕೆಯೂ ಆಯಿತು. ಮುಂದಿನ ಪ್ರಶ್ನೆಯನ್ನು ಕೇಳಲೇಬೇಕಾಗಿತ್ತು. ಆದರೆ ಅದು ಸೊಸೆಯ ಮೇಲಿನ ಅಪವಾದವನ್ನು ಎತ್ತಿ ಅತ್ತೆಯ ತಲೆಯ ಮೇಲೆ ಇಡುವ ಪ್ರಶ್ನೆಯಾಗಿತ್ತು. ಯಾವ ಪದಗಳಲ್ಲಿ ಅದನ್ನು ಕೇಳಬೇಕೆಂದು ನಾನು ಹುಡುಕುತ್ತಿರುವಾಗಲೇ ಅವರು ತಾವಾಗಿಯೇ ಮುಂದುವರಿಸಿದರು.

"ಸಂಜೆ ಫಲಹಾರ ಮಾಡುವಾಗ ಕೂಸು ಬಂದು ಕೈ ಚಾಚ್ತು. ಮಾವಿನಕಾಯಿ ಗೊಜ್ಜಲ್ಲಿ ಕಲಸಿದ ಅವಲಕ್ಕಿ. ಎರಡು ತುತ್ತು ಇಟ್ಟೆ. ಗೊಜ್ಜು ಬೆಳಿಗ್ಗೇನೇ ಮಾಡಿಟ್ಟು ಗುಡಿಗೆ ಹೋಗಿದ್ದೆ. ಬಾಯೆಲ್ಲ ಒಂಥರಾ ಒಗರು. ಕಾಯಿ ಒಳಗಿನ ಎಳೇ ವಾಟೆ ಸೇರ್ಕೊಂಡಿರಬೇಕು ಅಂದ್ಕೊಂಡೆ." ಸ್ವಲ್ಪ ತಡೆದು, "ಆ ಪಾತ್ರೆ ತಗೊಂಡು ಬಾರೇ" ಎಂದು ಅಕ್ಕನಿಗೆ ಹೇಳಿದರು.

"ನಾನು ಮುಟ್ಬಹುದಾ ಅತ್ತೆ?"

"ಇನ್ನೇನು ಮಡಿ ಉಳೀತು? ತಗೊಂಡು ಬಾ."

ಪಾತ್ರೆಯ ಹೊರಮೈ ಹುಣಸೆ ಹಚ್ಚಿ ಉಜ್ಜಿ ಚಿನ್ನದಂತೆ ಹೊಳೆಯುತ್ತಿತ್ತು. ಅದನ್ನು ಅಂಗಳದ ಬೆಳಕಿಗೆ ಹಿಡಿದು ಒಳಗೆ ನೋಡಿದೆ. ಕಲಾಯಿ ಎಂಬುದು ಕಂಠದ ಕೆಳಗೆ ಒಂದೆರಡು ತೇಪೆಯಂತೆ ಮಾತ್ರ ಉಳಿದಿತ್ತು. ತಳವೆಲ್ಲ ಬರಿಯ ಹಿತ್ತಾಳೆ. ಅಂಚಿನ ಸಂದಿನಲ್ಲಿ ಹಸುರು ಕಿಲುಬು ಕಟ್ಟಿತ್ತು. ಯುದ್ಧ ಬಲಿತ ಮೇಲೆ ತವರವೇ ಸಿಗದಂತಾಗಿ, ಕಲಾಯಿಯವನು ಆ ಕಡೆಯ ಊರುಗಳಿಗೆ ಬರುವುದನ್ನೇ ಬಿಟ್ಟಿದ್ದನಂತೆ. ಬೇರೆಯವರು ಆ ಪಾತ್ರೆಯನ್ನು ಮುಟ್ಟುವಂತಿರಲಿಲ್ಲ; ಮುಟ್ಟುವವರ ಕಣ್ಣಿಗೆ ಪೊರೆ.

ಅತ್ತೆ ಪಾತ್ರೆಯನ್ನು ಕೈಗೆ ತೆಗೆದುಕೊಂಡು, ಒಳಗೆ ಬೆರಳಾಡಿಸಿ ತಡವಿದರು. "ಹೋಗ್ಬಿಟ್ಟೈತೆ" ಎಂದರು. "ಕಲಾಯಿ ಇಲ್ದಿರೋ ಹಿತ್ತಾಳೇಲಿ ಹುಳಿ ಇಡಬಾರ್ದು ಅಂತ ಇವರಿಬ್ಬರಿಗೂ ಹೇಳ್ಕೊಟ್ಟೋಳು ನಾನು."

"ಇದರಿಂದಲೇ ಆಯಿತೆಂದು ಖಂಡಿತವಾಗಿ ಹೇಳಲು ಬರುವುದಿಲ್ಲ ಅತ್ತೆ" ಎಂದೆ. ಅದು ಸಮಾಧಾನದ ಮಾತು ಮಾತ್ರವಲ್ಲ, ನಿಜವೂ ಆಗಿತ್ತು. ಅವಲಕ್ಕಿ ಮುಗ್ಗಿದ್ದಿರಬಹುದು, ಗುಡಿಯ ತೀರ್ಥದ ನೀರಿರಬಹುದು. ಆದರೆ ಕಾಯಿಲೆ ಬಿದ್ದವರಿಬ್ಬರೂ ತಿಂದದ್ದು, ಬೀಳದವರಾರೂ ತಿನ್ನದೆ ಇದ್ದದ್ದು ಆ ಗೊಜ್ಜಿನ ಅವಲಕ್ಕಿ ಒಂದೇ ಎಂಬುದನ್ನು ಅಲ್ಲಿ ಕುಳಿತಿದ್ದವರೆಲ್ಲರೂ ಆಗಲೇ ಮನಸ್ಸಿನಲ್ಲಿ ಕೂಡಿಸಿ ನೋಡಿಕೊಂಡಿದ್ದರು. ನನ್ನ ಪದವಿಯ ಅಗತ್ಯ ಅದಕ್ಕೆ ಇರಲಿಲ್ಲ.

ಓರಗಿತ್ತಿ ಮಾತ್ರ ಇನ್ನೂ ಬಿಡಲಿಲ್ಲ. "ಹಂಗಾರೆ ಸಿಲ್ವಾರದಲ್ಲಿ ಏನೂ ಇಲ್ಲ ಅಂತ ಆಣೆ ಇಟ್ಟು ಹೇಳ್ತೀರಾ ಅಣ್ಣ?"

"ಏನೂ ಇಲ್ಲವೆಂದು ಹೇಳಲಾರೆ. ಆ ಕಪ್ಪು ಸಾರಿಗೆ ಹೋಗುವುದು ನಿಜ. ಅದರಿಂದ ಯಾರಿಗೂ ಕೇಡಾದುದನ್ನು ನಾನು ಕಂಡಿಲ್ಲ, ಕೇಳಿಲ್ಲ. ಈ ಮನೆಯಲ್ಲಿ ವರ್ಷಗಟ್ಟಲೆ ಉಂಡವರಿಗೂ ಆಗಿಲ್ಲ. ಆದರೂ ಬೂದಿ ಹಾಕಿ ಉಜ್ಜಬೇಡಿ, ಅದೂ ಸೋಡಾದಂತೆಯೇ; ಹುಳಿಯನ್ನು ರಾತ್ರಿಯೆಲ್ಲ ಅದರಲ್ಲಿ ಇಡಬೇಡಿ. ಮಗುವಿಗೆ ಕಾಯಿಲೆ ಬಂದದ್ದು ಅದರಿಂದಲ್ಲ ಎಂದು ಮಾತ್ರ ಆಣೆ ಇಡಬಲ್ಲೆ."

"ಇಷ್ಟು ಓದಿ ಇಷ್ಟೇನಾ ಹೇಳೋಕಾಗೋದು?"

"ಇಷ್ಟೇ ತಂಗಿ."

ಅವಳು ನನ್ನನ್ನು ಒಮ್ಮೆ ದಿಟ್ಟಿಸಿ ನೋಡಿದಳು. ಎಲ್ಲವನ್ನೂ ಬಲ್ಲೆನೆಂದು ನಾನು ಹೇಳಿದ್ದರೆ ಬಹುಶಃ ನಂಬುತ್ತಿರಲಿಲ್ಲ. "ಆ ಕೆಂಪು ಪೇಟದೋನು ಇದರ ಹತ್ತರಷ್ಟು ಹೇಳ್ದ" ಎಂದು, ಸೆರಗಿನಲ್ಲಿ ಮುಖ ಒರೆಸಿಕೊಂಡು ನಕ್ಕುಬಿಟ್ಟಳು. ಆಮೇಲೆ ಎದ್ದು, ಮಗುವನ್ನು ಎತ್ತಿ ತಂದು ಅಕ್ಕನ ಮುಂದೆ ನಿಲ್ಲಿಸಿ, "ತಗೊಳ್ಳಿ ಅಕ್ಕ. ನಂಗೆ ಇದನ್ನ ಸುಧಾರಿಸೋಕೆ ಆಗಲ್ಲ. ಅತ್ತೂ ಅತ್ತೂ ನನ್ ತಲೆ ತಿಂದಾಕ್ತು" ಎಂದಳು. ಕ್ಷಮೆ ಕೇಳುವ ಬೇರೆ ಮಾತು ಅವಳ ಬಾಯಿಂದ ಬರಲಿಲ್ಲ. ಅಕ್ಕ ಅದನ್ನು ನಿರೀಕ್ಷಿಸಿದಂತೆಯೂ ಕಾಣಲಿಲ್ಲ. ಮಗುವನ್ನು ಸೊಂಟಕ್ಕೇರಿಸಿಕೊಂಡು ಹಿತ್ತಿಲಿಗೆ ಹೋದವಳು ಬಹಳ ಹೊತ್ತು ಒಳಗೆ ಬರಲಿಲ್ಲ.

ಅತ್ತೆ ಆ ಹಿತ್ತಾಳೆ ಪಾತ್ರೆಯನ್ನು ಅಟ್ಟದ ಮೇಲೆ ಇಡಿಸಿದರು. "ಮುಂದಿನ ಶನಿವಾರದಿಂದ ಮತ್ತೆ ಮೊದಲಿಂದ ಹಿಡೀತೀನಿ. ಮಣ್ಣಿನ ಕುಡಿಕೇಲಿ ಮಾಡ್ಕೋತೀನಿ. ಅವನು ಗಣಿ ಬಿಡೋ ತನಕ ನಂಗೂ ಬೇರೆ ಏನ್ ಕೆಲಸ ಐತೆ?" ಎಂದರು. ಸುಳ್ಳನ್ನು ಹೊತ್ತುಕೊಂಡಿದ್ದ ಭಾರ ಇಳಿದು, ಆ ಮುದುಕಿಗೂ ಏನೋ ಬಿಡುಗಡೆಯಾದಂತೆ ನನಗೆ ತೋರಿತು.

ಸಂಜೆ ಅಕ್ಕ ಅದೇ ತಪ್ಪಲೆಯಲ್ಲಿ ಹುಳಿಸಾರು ಮಾಡಿದಳು. ಎಲ್ಲರೂ ಸಾಲಾಗಿ ಕುಳಿತೆವು. ಮಗು ದೊಡ್ಡಮ್ಮನ ತೊಡೆಯೇರಿ ಬಾಯಿ ತೆರೆಯಿತು. ಅಕ್ಕ ಮುದ್ದೆಯ ತುತ್ತನ್ನು ಸಾರಿನಲ್ಲಿ ಅದ್ದಿ ಹಿಡಿದವಳು ಅರ್ಧದಲ್ಲಿ ತಡೆದು ಓರಗಿತ್ತಿಯ ಮುಖ ನೋಡಿದಳು. "ಇಕ್ಕಿ ಅಕ್ಕ, ಆರ್ಹೋಗ್ತದೆ" ಎಂದಳು ಅವಳು. ಮಗು ತುತ್ತನ್ನು ನುಂಗಿ ಮತ್ತೆ ಬಾಯಿ ತೆರೆಯಿತು. ಅದಕ್ಕೆ ಸಾಕಾದ ಮೇಲೆ ಅಕ್ಕ ತನ್ನ ತಟ್ಟೆಗೂ ಒಂದು ಮುದ್ದೆ ಇಟ್ಟುಕೊಂಡಳು. ಭಾವ ಅದನ್ನು ನೋಡಿಯೂ ನೋಡದವರಂತೆ ಮಾವಿನ ಫಸಲಿನ ಮಾತನ್ನು ಎತ್ತಿದರು.

ಅಷ್ಟರಲ್ಲಿ ಓರಗಿತ್ತಿ ನನ್ನ ತಟ್ಟೆಯ ಕಡೆ ಬೆರಳು ತೋರಿಸಿ, "ನೋಡಿ ಅತ್ತೆ, ಬಿ.ಎಸ್ಸಿ. ಮೇಷ್ಟ್ರು ಸಾರಿಗೆ ಕೈಯೇ ಹಾಕಿಲ್ಲ. ಬರೀ ಮುದ್ದೆ ಮುರ್ಕೊಂಡು ಕೂತವ್ರೆ" ಎಂದಳು.

ನಿಜವಾಗಿಯೂ ಹಾಗೆಯೇ ಆಗಿತ್ತು. ನನ್ನ ಗಮನಕ್ಕೇ ಬಂದಿರಲಿಲ್ಲ. ಎಲ್ಲರೂ ನಕ್ಕರು, ಅಕ್ಕ ಎಲ್ಲರಿಗಿಂತ ಹೆಚ್ಚಾಗಿ. ನಾನು ತುತ್ತನ್ನು ಸಾರಿನಲ್ಲಿ ಚೆನ್ನಾಗಿ ಅದ್ದಿ ಬಾಯಿಗೆ ಹಾಕಿಕೊಂಡೆ. ಬೇಳೆ ಹದವಾಗಿ ಬೆಂದಿತ್ತು. ಇನ್ನಷ್ಟು ಸಾರನ್ನು ಕೇಳಿ ಹಾಕಿಸಿಕೊಂಡೆ.